ಕಣ್ಣಿರುವ ಡೇರೆ ಗಡ್ಡೆ, ಜೊತೆಗೊಂದು ಹೆಸರಿನ ಚೀಟಿ

ಮೇ ಕೊನೆಯ ವಾರ ಸಾಗರದ ಕಡೆಯ ಒಂದು ಮನೆ ನರ್ಸರಿಯಿಂದ ಎಂಟು ಡೇರೆ (ಡೇಲಿಯಾ) ಹೂವಿನ ಗಡ್ಡೆ ತಂದೆ. ಒಂದಕ್ಕೆ 60 ರೂಪಾಯಿ. ನಮ್ಮಲ್ಲಿ ಡೇರೆ ಗಡ್ಡೆಯನ್ನು ನೆಂಟರ ಮನೆಯಿಂದ ಕೇಳಿ ತರೋದೇ ಜಾಸ್ತಿ ಅಲ್ವಾ, ಹಾಗಾಗಿ ಮೊದಲು ದುಬಾರಿ ಅನ್ನಿಸಿತು.

ಅಲ್ಲಿನ ಅಕ್ಕ ಒಂದೊಂದೇ ಗಡ್ಡೆ ಎತ್ತಿ, ಕುತ್ತಿಗೆಯ ಹತ್ತಿರ ಕಡಲೆಬೇಳೆಯಷ್ಟು ಉಬ್ಬಿದ ಕಣ್ಣನ್ನು ತೋರಿಸಿದರು. "ಇದಿಲ್ಲದಿದ್ರೆ ಗಡ್ಡೆ ಎಷ್ಟು ದಪ್ಪ ಇದ್ರೂ ಚಿಗುರಲ್ಲ. ಕಣ್ಣು ನೋಡಿ ತಗೊಳ್ಳಿ" ಅಂದರು. ಹೋದ ವರ್ಷ ಬೇರೆ ಕಡೆಯಿಂದ ತರಿಸಿದ ಆರರಲ್ಲಿ ನಾಲ್ಕು ಗಡ್ಡೆ ಮಣ್ಣಲ್ಲೇ ಕೊಳೆತಿದ್ದವು. ಒಂದಕ್ಕೂ ಕಣ್ಣಿತ್ತೋ ಇಲ್ಲವೋ, ನಾನು ನೋಡಿರಲೇ ಇಲ್ಲ. ಇವರು ಕೊಟ್ಟ ಎಂಟರಲ್ಲಿ ಏಳು ಹೂ ಬಿಟ್ಟಿವೆ.

ನನಗೆ ತುಂಬಾ ಹಿಡಿಸಿದ್ದು ಪೊಟ್ಟಣದೊಳಗಿನ ಚೀಟಿ. ಚಿಕ್ಕವಳಿದ್ದಾಗ, ಜಾತ್ರೆಯ ಡೇರೆ ಹಾಗೆ ದೊಡ್ಡದಾಗಿ ಅರಳುತ್ತೆ, ಅದಕ್ಕೇ ಈ ಹೆಸರು ಅಂದುಕೊಂಡಿದ್ದೆ. ಚೀಟಿ ಓದಿದ ಮೇಲೆ ನಿಜ ತಿಳಿಯಿತು. ಗಿಡ ಮೆಕ್ಸಿಕೋದ್ದು. 1791ರಲ್ಲಿ ಮ್ಯಾಡ್ರಿಡ್‌ನ ಕವನಿಯೆಸ್ ಎಂಬ ಸಸ್ಯವಿಜ್ಞಾನಿ, ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ನೆನಪಿಗೆ ಇದಕ್ಕೆ ಹೆಸರಿಟ್ಟರು. ಡಾಲ್, ಗಿಡ-ಪ್ರಾಣಿಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ನ ಶಿಷ್ಯ. ಹೆಸರಿಡುವಾಗ ಡಾಲ್ ತೀರಿಕೊಂಡು ಎರಡು ವರ್ಷ ಆಗಿತ್ತು. ಡಾಲ್‌ನಿಂದ ಡಾಲಿಯಾ, ಡೇಲಿಯಾ, ನಮ್ಮ ಬಾಯಲ್ಲಿ ಡೇರೆ.

ಚೀಟಿ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೂ ಹಳೆಯ ಹೆಸರೊಂದಿದೆ. ಮೆಕ್ಸಿಕೋದ ನಹುಅತ್ಲ್ ಭಾಷೆಯಲ್ಲಿ ಇದು ಅಕೊಕೊತ್ಲಿ, ಅಂದರೆ ನೀರಿನ ಕೊಳವೆ. ಮೊನ್ನೆ ಗಾಳಿಗೆ ಮುರಿದು ನಿಂತಿದ್ದ ಕಾಂಡವನ್ನು ಬುಡದ ಹತ್ತಿರ ಕೊಯ್ದೆ. ಒಳಗೆ ಟೊಳ್ಳು, ತುಂಬ ಮಳೆನೀರು, ಕೈಮೇಲೆ ಸುರಿಯಿತು. ಗಿಡವನ್ನು ಹತ್ತಿರದಿಂದ ಕಂಡವರು ಇಟ್ಟ ಹೆಸರು ಅದು. ನನಗೆ ಅದೇ ಹೆಚ್ಚು ಇಷ್ಟವಾಯಿತು.

ಒಂದು ತಪ್ಪು ಆಗಿದೆ. ಬಿಳಿ ಅಂತ ಬರೆದಿದ್ದ ಗಡ್ಡೆ ಕೆಂಪು ಹೂ ಬಿಟ್ಟಿತು. ಫೋನ್ ಮಾಡಿದಾಗ ಅಕ್ಕ ವಾದ ಮಾಡಲಿಲ್ಲ, ಬಿಳಿ ಗಡ್ಡೆ ಎತ್ತಿಡ್ತೀನಿ ಅಂದರು. ಅಕೊಕೊತ್ಲಿಯನ್ನೂ ಚೀಟಿಗೆ ಸೇರಿಸಿ ಅಂತ ಆಗಲೇ ಕೇಳಿಕೊಂಡೆ, ಬರೆದುಕೊಂಡಿದ್ದಾರೆ.

ಹೋಗುವವರು ಮಳೆ ಹಿಡಿಯುವ ಮೊದಲೇ ಹೋಗಿ. ಗಡ್ಡೆ ನೆಡುವಾಗಲೇ ಪಕ್ಕದಲ್ಲಿ ಗಿಡಕ್ಕೆ ಆಸರೆಯಾಗಿ ಅಡಿಕೆ ಮರದ ದಬ್ಬೆ ಊರಿಬಿಡಿ, ಆಮೇಲೆ ಊರಿದರೆ ಗಡ್ಡೆಗೆ ಚುಚ್ಚುತ್ತದೆ.