ಶಿರಾಜೋ, ಶೆನಿನ್ ಬ್ಲಾಂಕೋ?

ಈ ಎರಡು ವೈನ್‌ಗಳಲ್ಲಿ ಯಾವ ಬಾಟಲಿ ತಗೊಳ್ಳಲಿ ಅಂತ ಯೋಚಿಸುತ್ತಿದ್ದರೆ, ಮೊದಲು ಊಟಕ್ಕೆ ಏನಿದೆ ನೋಡಿ. ನಂದಿ ಬೆಟ್ಟದ ಸುತ್ತಮುತ್ತ, ನಾಸಿಕ್‌ನಲ್ಲಿ ಬೆಳೆದ ದ್ರಾಕ್ಷಿಯಿಂದ ಎರಡೂ ಬಗೆ ಸಿಗುತ್ತವೆ.

ಶಿರಾಜ್ ಕೆಂಪು ವೈನ್. ರಸವನ್ನು ಸಿಪ್ಪೆಯ ಜೊತೆಗೇ ಹುದುಗಿಸುವುದರಿಂದ ಬಣ್ಣದ ಜೊತೆ ಒಗರೂ ಇಳಿಯುತ್ತದೆ. ಒಂದು ಗುಟುಕು ಕುಡಿದ ಮೇಲೆ ಒಸಡು ಒಣಗಿದ ಹಾಗೆ ಆಗುತ್ತದಲ್ವಾ, ಹಾಲಿಲ್ಲದ ಗಟ್ಟಿ ಚಹಾ ಕುಡಿದಂತೆ? ಅದೇ ಒಗರು. ಕೆಂಡದಲ್ಲಿ ಸುಟ್ಟ ಮಾಂಸ, ಕೊಬ್ಬಿರುವ ಮಟನ್ ಜೊತೆ ಇದು ಬಲು ಹಿತ. ಖಾರದ ಕೋಳಿ ಸಾರಿಗೆ ಮಾತ್ರ ಬೇಡ, ನಾಲಿಗೆ ಇನ್ನೂ ಉರಿಯುತ್ತದೆ.

ಶೆನಿನ್ ಬ್ಲಾಂಕ್ ಬಿಳಿ. ಒಗರು ತೀರಾ ಕಡಿಮೆ, ಹುಳಿ ಚುರುಕು. ನಮ್ಮಲ್ಲಿ ಸಿಗುವ ಹಲವು ಬಾಟಲಿಗಳಲ್ಲಿ ತುಸು ಸಿಹಿಯೂ ಇರುತ್ತದೆ. ಆ ಸಿಹಿ ಖಾರವನ್ನು ತಣಿಸುತ್ತದೆ. ಮೀನು ಫ್ರೈ, ಗೀ ರೋಸ್ಟ್, ಮೆಣಸಿನಕಾಯಿ ಬಜ್ಜಿ, ಎಲ್ಲಕ್ಕೂ ಸೈ. ಮೊದಲ ಸಲ ಕುಡಿಯುವವರಿಗೆ ನಾನು ಕೊಡುವುದು ಇದನ್ನೇ.

ಬಿಳಿಯನ್ನು 8–10 ಡಿಗ್ರಿಗೆ ತಣ್ಣಗೆ ಮಾಡಿ ಕುಡಿಯಿರಿ. ಕೆಂಪಿಗೆ 16–18 ಸಾಕು. ಬೇಸಿಗೆಯಲ್ಲಿ ಅದನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಸುಮ್ನೆ ಹೊರಗಿಟ್ಟರೆ ಆಲ್ಕೋಹಾಲ್ ವಾಸನೆಯೇ ಜಾಸ್ತಿ ಮೂಗಿಗೆ ಹೊಡೆಯುತ್ತದೆ. ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು 3–4 ದಿನದೊಳಗೆ ಮುಗಿಸಿ.