ಹೊಸ ಸ್ಟೀಲ್ ಡ್ರಮ್‌ಗೆ ಹಾಗೇ ಮಜ್ಜಿಗೆ ಸುರಿಯಬೇಡಿ: ನಮ್ಮ ಅರವಟಿಗೆಯಲ್ಲಿ ಆದದ್ದು

ರಾಯಚೂರಿನ ಬಿಸಿಲು ಗೊತ್ತಲ್ವಾ? ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುತ್ತದೆ. ಪ್ರತಿ ಬೇಸಿಗೆ ನಮ್ಮ ಓಣಿಯವರು ಸೇರಿ ಸ್ಟೇಷನ್ ರಸ್ತೆಯ ಹತ್ತಿರ ಅರವಟಿಗೆ ಇಡುತ್ತೇವೆ. ಇಷ್ಟು ವರ್ಷ ಗಡಿಗೆಯಲ್ಲಿ ನೀರು ಮಾತ್ರ ಕೊಡುತ್ತಿದ್ದೆವು. ಈ ಸಲ ಮಜ್ಜಿಗೆಯನ್ನೂ ಕೊಡೋಣ ಎಂದು ಎಲ್ಲರೂ ಪಟ್ಟಿ ಹಾಕಿ, ನಲ್ಲಿ ಇರುವ 50 ಲೀಟರಿನ ಹೊಸ ಸ್ಟೀಲ್ ಡ್ರಮ್ ತಂದೆವು. ಒಳಗೆ ಮುಖ ಕಾಣುವಷ್ಟು ಹೊಳಪು. ಸೋಪಿನ ಪುಡಿ ಹಾಕಿ ತಿಕ್ಕಿ, ಎರಡು ಸಲ ನೀರು ಬಿಟ್ಟು ತೊಳೆದೆವು. ಅಷ್ಟು ಸಾಕು ಅಂದುಕೊಂಡೆವು.

ರಾತ್ರಿಯೇ 10 ಲೀಟರ್ ಮೊಸರು ಕಡೆದು, ನೀರು ಬೆರೆಸಿ, ಶುಂಠಿ, ಕರಿಬೇವು, ಉಪ್ಪು ಹಾಕಿ ಡ್ರಮ್ ತುಂಬಿಸಿಟ್ಟೆವು. ಬೆಳಗ್ಗೆ ಮೊದಲ ಲೋಟ ಒಬ್ಬ ವಯಸ್ಸಾದ ಆಟೋದವರಿಗೆ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ತಮ್ಮಾ, ಸಿಟ್ಟಾಗಬ್ಯಾಡ, ಇದ್ರಾಗ ಗ್ಯಾರೇಜ್ ವಾಸನಿ ಬರಾಕತ್ತೈತಿ" ಅಂದರು. ನಾನೂ ಕುಡಿದು ನೋಡಿದೆ. ನಿಜ. ಹುಳಿಯ ಹಿಂದೆಯೇ ಗ್ರೀಸಿನಂಥ ವಾಸನೆ, ಕೊನೆಗೆ ನಾಲಿಗೆ ಮೇಲೆ ನಾಣ್ಯ ಇಟ್ಟ ಹಾಗೆ ಒಂದು ರುಚಿ. ಡ್ರಮ್ಮಿನಲ್ಲಿದ್ದ ಅಷ್ಟೂ ಮಜ್ಜಿಗೆಯನ್ನು ಮೋರಿಗೆ ಚೆಲ್ಲಿದೆವು. ಎದುರಿಗೆ ಬಾಯಾರಿದ ಜನ ನಿಂತಿದ್ದಾಗ ಚೆಲ್ಲುವುದು ಬಹಳ ಸಂಕಟದ ಕೆಲಸ.

ಎರಡನೇ ತಪ್ಪು ಅದೇ ದಿನ ಆಯಿತು. ಬ್ಲೀಚಿಂಗ್ ಪೌಡರ್ ಕಲಸಿಟ್ಟರೆ ವಾಸನೆ ಹೋಗುತ್ತದೆ ಎಂದು ಯಾರೋ ಹೇಳಿದರು. ರಾತ್ರಿಯಿಡೀ ಹಾಗೇ ಬಿಟ್ಟೆವು. ಬೆಳಗ್ಗೆ ನೋಡಿದರೆ ತಳದ ಬೆಸುಗೆಯ ಗುಂಟ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು. ಸ್ಟೀಲಿಗೂ ತುಕ್ಕು!

ನನ್ನ ಅಕ್ಕನ ಮಗ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಫೋನ್ ಮಾಡಿದೆ. "ಮಾವ, ಹೊಸ ಟ್ಯಾಂಕ್ ಬಂದ್ರ ನಾವು ಸೀದಾ ಬಿಯರ್ ಹಾಕಂಗೇ ಇಲ್ಲ. ಮೊದ್ಲು ಜಿಡ್ಡು ಬಿಡಸಾಕ ಕಾಸ್ಟಿಕ್ ಸೋಡಾ, ಆಮೇಲೆ ಆಸಿಡ್" ಅಂದ. ಅವನು ಬಿಡಿಸಿ ಹೇಳಿದ ಮೇಲೆ ಎಲ್ಲ ಅರ್ಥವಾಯಿತು.

ಸ್ಟೀಲ್ ಹಾಳೆ ಬಗ್ಗಿಸುವಾಗ, ಕೊರೆಯುವಾಗ ಮಷೀನ್ ಎಣ್ಣೆ ಬಳಸುತ್ತಾರೆ. ಹೊಳಪು ಕೊಡಲು ಮೇಣ, ಕೊಬ್ಬು ಬೆರೆಸಿದ ಉಜ್ಜುವ ಪುಡಿ ಹಚ್ಚುತ್ತಾರೆ. ಇವೆರಡೂ ತೆಳ್ಳಗೆ ಅಂಟಿಕೊಂಡಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಬರೀ ಸೋಪಿಗೆ ಪೂರ್ತಿ ಬಿಡುವುದೂ ಇಲ್ಲ. ಬಿಯರ್ ಹುಳಿ ಗುಣದ್ದು, ಪಿಎಚ್ 4ರ ಆಸುಪಾಸು. ಮಜ್ಜಿಗೆಯೂ ಹಾಗೇ. ನೀರಿಗೆ ಕರಗದ ಲೋಹದ ಕಣಗಳನ್ನು ಹುಳಿ ಕರಗಿಸುತ್ತದೆ. ಬಿಯರಿನಲ್ಲಿ ಎಣ್ಣೆ ಪಸೆ ಇದ್ದರೆ ನೊರೆಯೇ ನಿಲ್ಲುವುದಿಲ್ಲವಂತೆ. ಮಜ್ಜಿಗೆಯಲ್ಲಿ ಬೆಣ್ಣೆ ಅಂಶ ಇರುವುದರಿಂದ ಅದು ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇನ್ನು ತುಕ್ಕಿನ ವಿಷಯ. ಸ್ಟೀಲಿನಲ್ಲಿರುವ ಕ್ರೋಮಿಯಂ ಗಾಳಿಗೆ ಸೇರಿ ಮೇಲೊಂದು ತೆಳು ಪೊರೆ ಕಟ್ಟುತ್ತದೆ. ತುಕ್ಕು ತಡೆಯುವುದು ಆ ಪೊರೆ. ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ಆಸಿಡ್ ಎರಡೂ ಅದನ್ನು ತಿನ್ನುತ್ತವೆ. ಕಬ್ಬಿಣದ ತಂತಿಯಿಂದ ತಿಕ್ಕಿದರೆ ಅದರ ಚೂರು ಸ್ಟೀಲಿನಲ್ಲೇ ಕೂತು ತುಕ್ಕು ಹಿಡಿಯುತ್ತದೆ. ಮ್ಯಾಗ್ನೆಟ್ ಅಂಟದಿದ್ದರೆ ಒಳ್ಳೆ ಸ್ಟೀಲ್ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅದನ್ನು ನಂಬಬೇಡಿ. 304 ಎಂಬ ಒಳ್ಳೆ ದರ್ಜೆಯ ಸ್ಟೀಲಿಗೂ ಸಾಮಾನ್ಯವಾಗಿ ಅಂಟುವುದಿಲ್ಲ, ಅಗ್ಗದ 202 ದರ್ಜೆಗೂ ಅಂಟುವುದಿಲ್ಲ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳಿ.

ಆಮೇಲೆ ಅವನು ಹೇಳಿದಂತೆಯೇ ಮಾಡಿದೆವು. ಮೊದಲು ಬಿಳಿ ಬಟ್ಟೆಗೆ ಅಡುಗೆ ಎಣ್ಣೆ ಹಚ್ಚಿ ಒಳಗೆಲ್ಲ ಒತ್ತಿ ಒರೆಸಿದೆ. ಕನ್ನಡಿಯಂತೆ ಹೊಳೆಯುತ್ತಿದ್ದ ಡ್ರಮ್ಮಿನಿಂದ ಬಟ್ಟೆ ಬಂದದ್ದು ಕಾಡಿಗೆ ಒರೆಸಿದಷ್ಟು ಕಪ್ಪಾಗಿ. ಬಟ್ಟೆ ಬದಲಿಸುತ್ತಾ ಹೋದೆ, ಆರನೇದು ಬೆಳ್ಳಗೆ ಬಂತು. ನಂತರ 10 ಲೀಟರ್ ಬಿಸಿನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಮತ್ತು ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಕೈಗವಸು ತೊಟ್ಟು, ಸ್ಪಂಜಿನಿಂದ ತಿಕ್ಕಿದೆವು. ಜಿಡ್ಡು ಪೂರ್ತಿ ಬಿಡಬೇಕು. ನೀರು ಹಾಕಿದರೆ ಹನಿ ಹನಿಯಾಗಿ ಒಡೆಯದೆ ಹಾಳೆಯಂತೆ ಹರಿದರೆ ಬಿಟ್ಟಿದೆ ಎಂದರ್ಥ.

ಚೆನ್ನಾಗಿ ತೊಳೆದ ಮೇಲೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. 5 ಲೀಟರ್ ಬಿಸಿನೀರಿಗೆ 250 ಗ್ರಾಂ. ಆ ನೀರಿನಲ್ಲಿ ಬಟ್ಟೆ ಅದ್ದಿ ಅದ್ದಿ ಒಳಮೈ 20 ನಿಮಿಷ ಒಣಗದಂತೆ ನೋಡಿಕೊಳ್ಳಬೇಕು. ಇದು ಮೇಲಿನ ಕಬ್ಬಿಣದ ಕಣಗಳನ್ನು ತೆಗೆಯುತ್ತದೆ, ಪೊರೆ ಮತ್ತೆ ಚೆನ್ನಾಗಿ ಕಟ್ಟುತ್ತದೆ. ಒಂದು ಮಾತು ದಯವಿಟ್ಟು ನೆನಪಿಡಿ: ಬ್ಲೀಚಿಂಗ್ ಪೌಡರ್ ಇನ್ನೂ ಒಳಗಿದ್ದರೆ ಯಾವ ಹುಳಿಯನ್ನೂ ಹಾಕಬೇಡಿ. ಕ್ಲೋರಿನ್ ಗಾಳಿ ಎದ್ದು ಎದೆಗೆ ಹೊಡೆಯುತ್ತದೆ, ಅದು ಪ್ರಾಣಕ್ಕೇ ಅಪಾಯ.

ಇಷ್ಟಾದರೂ ವಾಸನೆ ಸ್ವಲ್ಪ ಉಳಿದೇ ಇತ್ತು. ಕಾರಣ ನಲ್ಲಿ. ಬಿಚ್ಚಿದಾಗ ತಿರುಪಿನ ಸಂದಿಯಲ್ಲಿ ಕಪ್ಪು ಗ್ರೀಸ್ ಮುದ್ದೆಯಾಗಿ ಕೂತಿತ್ತು, ವಾಷರ್ ರಬ್ಬರಿನದು. ಜೊತೆಗೆ ನಲ್ಲಿ ಸ್ಟೀಲಿನದಲ್ಲ, ಹಿತ್ತಾಳೆಗೆ ಮೇಲೆ ಲೇಪ ಕೊಟ್ಟದ್ದು. ಲೇಪ ಸವೆದರೆ ಮಜ್ಜಿಗೆ ಕಿಲುಬುತ್ತದೆ ಎಂದು ನಮ್ಮ ಅವ್ವಂದಿರಿಗೆಲ್ಲ ಗೊತ್ತು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಯಾರೂ ಹುಳಿ ಇಡುತ್ತಿರಲಿಲ್ಲ. ಸ್ಟೀಲ್ ನಲ್ಲಿ, ಸಿಲಿಕೋನ್ ವಾಷರ್ ಹಾಕಿಸಿದೆವು. ನೀವು ತರುವಾಗಲೇ ಕೇಳಿ ತನ್ನಿ.

ಕೊನೆಗೆ ಬಿಸಿನೀರು ತುಂಬಿ ರಾತ್ರಿ ಇಟ್ಟು, ಬೆಳಗ್ಗೆ ನಲ್ಲಿಯಿಂದಲೇ ಒಂದು ಲೋಟ ಹಿಡಿದು ಕುಡಿದು ನೋಡಿದೆವು. ಆಮೇಲೂ ಡ್ರಮ್ ತುಂಬಿಸಲಿಲ್ಲ. ಎರಡು ಲೀಟರ್ ಮಜ್ಜಿಗೆ ಮಾತ್ರ ಹಾಕಿ ನಾಲ್ಕು ತಾಸು ಬಿಟ್ಟು ರುಚಿ ನೋಡಿದೆವು. ಮನೆಯ ಮಜ್ಜಿಗೆಯಂತೆಯೇ ಇತ್ತು.

ಬ್ಲೀಚಿಂಗ್ ಕೊರೆದ ಎರಡು ಗುಂಡಿ ಮಾತ್ರ ಬೆಸುಗೆಯ ಪಕ್ಕ ಹಾಗೇ ಉಳಿದಿವೆ. ಅದಕ್ಕೆ ಉಪ್ಪು ಹಾಕಿದ ಮಜ್ಜಿಗೆಯನ್ನು ಈಗ ರಾತ್ರಿ ಇಡುವುದಿಲ್ಲ. ಬೆಳಗ್ಗೆ ಕಡೆದು ಹಾಕುತ್ತೇವೆ, ಸಂಜೆ ಖಾಲಿ ಮಾಡಿ, ತೊಳೆದು, ನಲ್ಲಿ ತೆರೆದಿಟ್ಟು ಬೋರಲು ಹಾಕುತ್ತೇವೆ.