ಆಫ್ ಮಾಡಿದರೂ ಬರಿದಾಗುತ್ತಿದ್ದ ಬ್ಯಾಟರಿ: ಕಂಟ್ರೋಲರ್ ಮಾರ್ಪಾಡು ಸೇವೆಯ ವಿಮರ್ಶೆ

ನನ್ನ ಡ್ಯುಯಲ್‌ಸೆನ್ಸ್ ಎಂಬ ಪ್ಲೇಸ್ಟೇಷನ್ 5 ಗೇಮ್ ಕಂಟ್ರೋಲರಿನ ಗುಂಡಿಗಳ ಕೆಳಗೆ ಎಲ್‌ಇಡಿ ದೀಪಗಳನ್ನು ಅಳವಡಿಸಿಕೊಟ್ಟ ಅಂಗಡಿಯವರ ಕೆಲಸ ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿ ಕಪಾಟಿನಲ್ಲಿಟ್ಟರೂ ಅದು ಎರಡೇ ದಿನಗಳಲ್ಲಿ ಬರಿದಾಗತೊಡಗಿದಾಗ, ಬ್ಯಾಟರಿಯೇ ಹಾಳಾಗಿದೆಯೆಂದು ಭಾವಿಸಿ ಹೊಸದನ್ನು ಹಾಕಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಬ್ಯಾಟರಿಯ ತಂತಿಯ ನಡುವೆ ವಿದ್ಯುತ್ ಅಳೆಯುವ ಮಲ್ಟಿಮೀಟರ್ ಜೋಡಿಸಿ ನೋಡಿದರೆ, ದೀಪಗಳೆಲ್ಲ ಆರಿದ್ದಾಗಲೂ 30 ಮಿಲಿಆಂಪಿಯರ್ ವಿದ್ಯುತ್ ಹರಿಯುತ್ತಿತ್ತು. 1560 ಮಿಲಿಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿ 52 ಗಂಟೆಗಳಲ್ಲಿ ಖಾಲಿಯಾಗಲು ಅಷ್ಟೇ ಸಾಕು. ದೀಪಗಳ ಬೋರ್ಡಿನ ಕೆಂಪು ತಂತಿಯನ್ನು, ಕಂಟ್ರೋಲರ್ ಆನ್ ಆದಾಗ ಮಾತ್ರ ವಿದ್ಯುತ್ ಬರುವ ಜಾಗಕ್ಕೆ ಸೇರಿಸುವ ಬದಲು, ನೇರವಾಗಿ ಬ್ಯಾಟರಿಯ ಪ್ಲಸ್ ತುದಿಗೇ ಬೆಸುಗೆ ಹಾಕಿದ್ದರು. ತೋರಿಸಿದಾಗ ಹಣ ಕೇಳದೆ ಸರಿಪಡಿಸಿದ್ದು ಮೆಚ್ಚತಕ್ಕದ್ದೇ. ಆದರೂ ಒಪ್ಪಿಸುವ ಮುನ್ನ ಇದೊಂದು ಅಳತೆ ಮಾಡಿದ್ದರೆ ಹೊಸ ಬ್ಯಾಟರಿಯ ಖರ್ಚು ನನ್ನ ಮೇಲೆ ಬೀಳುತ್ತಿರಲಿಲ್ಲ.